ತಾಟು ತೊಳೆದು ಓದಿದವರು

ಹೋದ ವರ್ಷ ದೀಪಾವಳಿ ಮುಗಿದು ನಾಲ್ಕೈದು ದಿನ ಆಗಿತ್ತು. ಬೆಳಗ್ಗೆ ಆರು ಗಂಟೆಗೆ ಫೋನು ಬಂತು. ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನನ್ನ ಕೈಯಲ್ಲೇ ಕಲಿತವನು. ಹಬ್ಬ ಹೇಗಾಯಿತು, ಮಳೆ ಹೇಗಿದೆ, ದಾಳಿಂಬೆಗೆ ರೇಟು ಬಂತೇ ಎಂದೆಲ್ಲ ಕೇಳಿದ. ಕೊನೆಗೆ ದನಿ ಇಳಿಸಿ ಹೇಳಿದ: "ಸರ, ನಾ ಇಲ್ಲಿ ಕಾಲೇಜಿನ ಮೆಸ್ಸಿನ್ಯಾಗ ತಾಟು ತೊಳಿಯಾಕತ್ತೀನ್ರಿ. ವಾರಕ್ಕ ಹದಿನೆಂಟು ತಾಸು. ಅಪ್ಪಗ ಮಾತ್ರ ಹೇಳಬ್ಯಾಡ್ರಿ."

ಅವನ ಅಪ್ಪ ಹಿಂದೆ ಹತ್ತು ವರ್ಷ ಹೆಂಡತಿಯನ್ನೂ ಕರೆದುಕೊಂಡು ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದವನು. ಆಮೇಲೆ ಬೋರ್ ಬಿದ್ದು ಎರಡು ಎಕರೆ ದಾಳಿಂಬೆ ಮಾಡಿದ. ಆ ಹೊಲದ ಮೇಲೆಯೇ ಬ್ಯಾಂಕಿನ ಸಾಲ ತೆಗೆದು ಮಗನನ್ನು ಕಳಿಸಿದ್ದಾನೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ "ಸರ, ನಮ್ಮ ಹುಡುಗ ಕೈಗೆ ಕೆಸರು ಹತ್ತದಂಗ ಓದಾಕತ್ತಾನ್ರಿ" ಎನ್ನುತ್ತಾನೆ. ನಾನು ಹೂಂಗುಟ್ಟುತ್ತೇನೆ. ಸುಳ್ಳು ಹೇಳಿದ ಹಾಗೂ ಅಲ್ಲ, ನಿಜ ಹೇಳಿದ ಹಾಗೂ ಅಲ್ಲ. ಆ ಫೋನಿನ ನಂತರ ಅವನ ಅಪ್ಪನ ಮುಖ ನೋಡುವುದೇ ನನಗೆ ಕಷ್ಟವಾಯಿತು.

ಆ ಹುಡುಗನಿಗೆ ಏನಾದರೂ ಬರೆದು ಕಳಿಸೋಣ ಎಂದು ಕುಳಿತೆ. ಬುದ್ಧಿಮಾತು ಬರೆಯುವ ಮನಸ್ಸಾಗಲಿಲ್ಲ. ಇತಿಹಾಸದ ಮಾಸ್ತರ ನಾನು, ನನಗೆ ಗೊತ್ತಿರುವುದು ಹಳೆಯ ಕಥೆಗಳೇ. ನೂರು ವರ್ಷದ ಹಿಂದೆ ಅದೇ ದೇಶಕ್ಕೆ ಓದಲು ಹೋದ ನಮ್ಮವರು ಹೊಟ್ಟೆಗೆ, ಫೀಸಿಗೆ ಏನು ಮಾಡಿದರು ಎಂದು ಒಂದೊಂದೇ ನೆನಪು ಮಾಡಿಕೊಂಡು ಬರೆದೆ. ಅದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಗಡಿಭಾಗದ ಕನ್ನಡ ಶಾಲೆಗಳಿಂದ ಈಗ ಹೊರದೇಶಕ್ಕೆ ಹೋಗುವ ಮಕ್ಕಳು ಒಬ್ಬಿಬ್ಬರಲ್ಲ, ಅವರ ತಂದೆತಾಯಿಗಳೂ ಓದಲಿ.

ನಮ್ಮಲ್ಲಿ ಬಡ ಹುಡುಗ ಓದಬೇಕಾದರೆ ದಾರಿಗಳು ಇದ್ದವು. ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಮರಾಠಿಯವರಲ್ಲಿ ಮಾಧುಕರಿ. ಮಠಗಳಲ್ಲಿ ಪ್ರಸಾದ, ಜಾತಿಗೊಂದು ಬೋರ್ಡಿಂಗು. ಇವುಗಳಿಂದ ಎಷ್ಟು ಜನ ದೊಡ್ಡವರಾದರೋ ಲೆಕ್ಕವಿಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ಈ ಎಲ್ಲದರಲ್ಲೂ ವಿದ್ಯಾರ್ಥಿ ಕೈಯೊಡ್ಡುತ್ತಾನೆ, ಕೈಕೆಲಸ ಮಾಡುವುದಿಲ್ಲ. ಓದುವವನು ಬೇಡಿದರೆ ಮರ್ಯಾದೆ ಹೋಗದು, ಮುಸುರೆ ತೊಳೆದರೆ ಹೋಗುತ್ತದೆ ಎಂಬ ಭಾವನೆ ನಮ್ಮ ಸಮಾಜದಲ್ಲಿ ಬಹಳ ಆಳಕ್ಕೆ ಇಳಿದಿತ್ತು. ಮುಸುರೆ ತೊಳೆಯುವ ಜಾತಿ ಬೇರೆ, ಓದುವ ಜಾತಿ ಬೇರೆ ಎಂದಿದ್ದ ಕಾಲ ಅದು.

ಇದನ್ನು ನಮ್ಮ ಕಡೆ ಗಟ್ಟಿಯಾಗಿ ಮುರಿದವರು ಕರ್ಮವೀರ ಭಾವುರಾವ್ ಪಾಟೀಲರು. ಕೊಲ್ಹಾಪುರ ಕಡೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಜೈನ ಮನೆತನದವರು. ಅವರ ಹಿರಿಯರ ಮೂಲ ನಮ್ಮ ಮೂಡಬಿದಿರೆ ಎಂದು ಹೇಳುತ್ತಾರೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಶುರುಮಾಡಿದರು, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ವಸತಿಗೃಹ ತೆಗೆದರು. ಅಲ್ಲಿ ಹುಡುಗರೇ ಅಡುಗೆ ಮಾಡಬೇಕು, ಹೊಲದಲ್ಲಿ ದುಡಿಯಬೇಕು, ಓದಬೇಕು. "ಕಮವಾ ಆಣಿ ಶಿಕಾ", ಅಂದರೆ ಗಳಿಸು, ಕಲಿ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಈ ಹೆಸರಿನ ಯೋಜನೆ ಇಂದಿಗೂ ಇದೆ, ನಮ್ಮ ಮಕ್ಕಳು ಸಾಂಗಲಿ, ಕೊಲ್ಹಾಪುರಕ್ಕೆ ಹೋದರೆ ಅದರಲ್ಲಿ ಹೆಸರು ಹಚ್ಚುತ್ತಾರೆ. ಅಲ್ಲಿ ಗಿಡಕ್ಕೆ ನೀರು ಹಾಕಿದರೆ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದರೆ ಯಾರೂ ಅಪ್ಪನಿಗೆ ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ತಾಟು ತೊಳೆದದ್ದನ್ನು ಮುಚ್ಚಿಡುತ್ತಾರೆ. ಯಾಕೆ? ಅಮೆರಿಕ ಎಂದರೆ ದುಡಿಮೆಯ ಆಚೆಗಿನ ಊರು ಎಂದು ನಾವೇ ಮಕ್ಕಳ ತಲೆಯಲ್ಲಿ ತುಂಬಿದ್ದೇವೆ.

ಈಗ ಅಮೆರಿಕಕ್ಕೆ ಹೋಗೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುಡ್ಡಿದ್ದ ಮನೆಯ ಹುಡುಗರು ಓದಲು ಹೋಗುತ್ತಿದ್ದದ್ದು ಇಂಗ್ಲೆಂಡಿಗೆ, ಬ್ಯಾರಿಸ್ಟರ್ ಅಥವಾ ಐ.ಸಿ.ಎಸ್. ಆಗಲು. ದುಡ್ಡಿಲ್ಲದ, ಆದರೆ ಇಂಜಿನಿಯರಿಂಗು, ಕೃಷಿ, ರಸಾಯನಶಾಸ್ತ್ರ ಕಲಿತು ದೇಶದಲ್ಲಿ ಕಾರ್ಖಾನೆ ಹಾಕಬೇಕೆಂಬ ಹುಚ್ಚಿದ್ದ ಹುಡುಗರು ಹೊರಳಿದ್ದು ಜಪಾನಿಗೆ ಮತ್ತು ಅಮೆರಿಕಕ್ಕೆ. ಬಂಗಾಳದ ಸ್ವದೇಶಿ ಚಳವಳಿಯ ನಂತರ, ಅಂದರೆ 1905ರ ನಂತರ, ಇವರ ಸಂಖ್ಯೆ ಹೆಚ್ಚಿತು. ಅಮೆರಿಕದಲ್ಲಿ ಕೆಲಸ ಮಾಡುತ್ತ ಓದಬಹುದು, ಅಲ್ಲಿನ ಹುಡುಗರೇ ಹಾಗೆ ಓದುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಒಡಿಶಾದ ಸಾರಂಗಧರ ದಾಸ್ ಎಂಬವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದರು. ಅಮೆರಿಕದ ಪಶ್ಚಿಮ ಕರಾವಳಿಗೆ ಬರಬೇಕೆಂದಿರುವ ಭಾರತೀಯ ವಿದ್ಯಾರ್ಥಿಗಳಿಗಾಗಿ ಅವರು 1911ರಲ್ಲಿ ಕಲಕತ್ತೆಯ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಮಾಹಿತಿ ಲೇಖನವನ್ನೇ ಬರೆದರು. ಇಂದು ನಮ್ಮ ಹುಡುಗರು ಮೊಬೈಲಿನಲ್ಲಿ ಹುಡುಕುವ ವಿಷಯವನ್ನು ಆಗಿನವರು ಮಾಸಪತ್ರಿಕೆಯಲ್ಲಿ ಓದಿ ಹಡಗು ಹತ್ತಿದರು.

ಹಡಗು ಇಳಿಯುವಾಗ ಒಂದು ತೊಡಕು ಇತ್ತು. ಸ್ಯಾನ್ ಫ್ರಾನ್ಸಿಸ್ಕೊ ಬಂದರಿಗೆ ಬಂದವರನ್ನು 1910ರಿಂದ ಏಂಜೆಲ್ ದ್ವೀಪದಲ್ಲಿ ಇಳಿಸಿ ವಿಚಾರಿಸುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲದಿದ್ದರೆ, ನೀನು ನಾಳೆ ಸರಕಾರದ ಮೇಲೆ ಭಾರವಾಗುತ್ತೀ, ವಾಪಸು ಹೋಗು. ಸರಿ, ನನಗೆ ಇಂಥ ಕಡೆ ಕೆಲಸ ಗೊತ್ತಾಗಿದೆ ಎಂದರೂ ತಪ್ಪೇ! ಮೊದಲೇ ಕೆಲಸ ಗೊತ್ತುಮಾಡಿಕೊಂಡು ಬರುವ ಕೂಲಿಗಾರರನ್ನು ಒಳಗೆ ಬಿಡಬಾರದೆಂದು 1885ರಿಂದ ಕಾನೂನಿತ್ತು. ಹೀಗಾಗಿ ಕೆಲಸ ಮಾಡಲೇಬೇಕಾದ ಹುಡುಗ ಕೆಲಸದ ಮಾತೇ ಎತ್ತದೆ ಒಳಗೆ ಹೋಗಬೇಕು, ಒಳಗೆ ಹೋದಮೇಲೆ ಹುಡುಕಬೇಕು.

ಎಲ್ಲಿ ಹುಡುಕುವುದು? ಊರಿನೊಳಗೆ ಸಿಗುತ್ತಿದ್ದ ಕೆಲಸಗಳು ಬಹುಮಟ್ಟಿಗೆ ಇವು: ಹೋಟೆಲಿನಲ್ಲಿ, ವಿದ್ಯಾರ್ಥಿಗಳ ಊಟದ ಮನೆಯಲ್ಲಿ ಬಡಿಸುವುದು ಮತ್ತು ತೊಳೆಯುವುದು, ಅದಕ್ಕೆ ಪ್ರತಿಯಾಗಿ ಊಟ. ಇಲ್ಲವೇ ಬಿಳಿಯರ ಮನೆಯೊಂದರಲ್ಲಿ ಇದ್ದು ಬೆಳಗ್ಗೆ ಸಂಜೆ ಅಡುಗೆ, ಕಸ, ಒಲೆಯ ಕೆಲಸ ಮಾಡಿಕೊಟ್ಟು ಹಗಲು ಕಾಲೇಜಿಗೆ ಹೋಗುವುದು. ಈ ಎರಡನೆಯದಕ್ಕೆ ಪಶ್ಚಿಮ ಕರಾವಳಿಯಲ್ಲಿ 'ಸ್ಕೂಲ್ ಬಾಯ್' ಕೆಲಸ ಎಂದೇ ಹೆಸರು, ಜಪಾನಿ ವಿದ್ಯಾರ್ಥಿಗಳು ಅದರಲ್ಲಿ ಮುಂದೆ ಇದ್ದರು. ನಮ್ಮವರಿಗೆ ಅನೇಕ ಬಾಗಿಲುಗಳು ಬಣ್ಣ ನೋಡಿಯೇ ಮುಚ್ಚುತ್ತಿದ್ದವು. ಆ ಕಾಲದಲ್ಲಿ ಭಾರತೀಯರ ಮೇಲೆ ಅಲ್ಲಿ ಎಷ್ಟು ದ್ವೇಷ ಇತ್ತೆಂದರೆ 1907ರ ಸೆಪ್ಟೆಂಬರಿನಲ್ಲಿ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಜನರನ್ನು ಗುಂಪುಕಟ್ಟಿ ಹೊಡೆದು ಊರುಬಿಡಿಸಿದ್ದರು.

ಊರಿನ ಬಾಗಿಲು ಮುಚ್ಚಿದರೆ ಹೊಲದ ಬಾಗಿಲು. ಇದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಕ್ಯಾಲಿಫೋರ್ನಿಯಾದ ಹೊಲ, ತೋಟಗಳಲ್ಲಿ ಆಗ ಕೆಲವು ಸಾವಿರ ಪಂಜಾಬಿ ಕೂಲಿಗಾರರು ಇದ್ದರು, ಹೆಚ್ಚಿನವರು ಸಿಖ್ಖರು. ಅವರು ಟೋಳಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವನೊಬ್ಬ ಮುಂದಾಳು. ಅವನು ತೋಟದ ಮಾಲೀಕನೊಡನೆ ಮಾತಾಡಿ ಇಷ್ಟು ಎಕರೆ, ಇಷ್ಟು ದಿನ, ಇಷ್ಟು ಕೂಲಿ ಎಂದು ಗೊತ್ತುಮಾಡುತ್ತಿದ್ದ. ಟೋಳಿಗೆ ತನ್ನದೇ ಅಡುಗೆಯವನು. ಜತ್ತದ ಓದುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ನಮ್ಮ ಕಬ್ಬಿನ ಟೋಳಿ, ಅದರ ಮುಕಾದಮ, ಅದೇ ಲೆಕ್ಕ! ಬೇಸಿಗೆ ರಜೆ ಬಂದೊಡನೆ ಬರ್ಕ್ಲಿಯ ವಿದ್ಯಾರ್ಥಿಗಳು ಈ ಟೋಳಿಗಳಿಗೆ ಸೇರುತ್ತಿದ್ದರು. ಹಣ್ಣು ಕೀಳುವುದು, ಬಟಾಟೆ ಅಗೆಯುವುದು, ಡಬ್ಬಿಗೆ ಹಣ್ಣು ತುಂಬುವ ಕಾರ್ಖಾನೆಯಲ್ಲಿ ನಿಲ್ಲುವುದು. ದಿನಕ್ಕೆ ಒಂದೂವರೆ, ಎರಡು ಡಾಲರ್ ಆಸುಪಾಸು ಕೂಲಿ. ಆಗ ಡಾಲರಿಗೆ ಸುಮಾರು ಮೂರು ರೂಪಾಯಿ. ಮೂರು ತಿಂಗಳು ಬೆನ್ನು ಬಗ್ಗಿಸಿದರೆ ಮುಂದಿನ ಓದಿಗೆ ದಾರಿಯಾಗುತ್ತಿತ್ತು.

ಬಿ.ಎ. ಮುಗಿಸಿ ಬಂದ, ಮೇಲುಜಾತಿಯ, ಕಲಕತ್ತೆ, ಪುಣೆಯ ಹುಡುಗ ಒಬ್ಬ. ಸಹಿ ಹಾಕಲೂ ಬಾರದ ಜಾಲಂಧರದ ರೈತ ಇನ್ನೊಬ್ಬ. ಊರಿನಲ್ಲಿದ್ದರೆ ಇಬ್ಬರೂ ಒಂದು ಸಾಲಿನಲ್ಲಿ ಕೂತು ಉಣ್ಣುತ್ತಿರಲಿಲ್ಲ. ಇಲ್ಲಿ ಒಂದೇ ಮರದಡಿ ಒಂದೇ ಬುಟ್ಟಿ ತುಂಬುತ್ತಾರೆ. ರಾತ್ರಿ ಹುಡುಗ ರೈತನಿಗೆ ಊರಿನ ಪತ್ರ ಓದಿ ಹೇಳುತ್ತಾನೆ, ಲೆಕ್ಕ ನೋಡುತ್ತಾನೆ. ರೈತ ಅವನಿಗೆ ರೊಟ್ಟಿ ಕೊಡುತ್ತಾನೆ, ಕೆಲಸ ಕಲಿಸುತ್ತಾನೆ.

1912ರಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೂಲಿಯಾಗಿ ಬಂದು ಸ್ಟಾಕ್ಟನ್ ಹತ್ತಿರ ಬಟಾಟೆ ಬೆಳೆದು ಮೇಲೆ ಬಂದಿದ್ದ ಜ್ವಾಲಾ ಸಿಂಗ್ ಎಂಬ ರೈತ, ಲಾಲಾ ಹರದಯಾಳರ ಜೊತೆಗೂಡಿ, ಭಾರತದಿಂದ ಬುದ್ಧಿವಂತ ಹುಡುಗರನ್ನು ಬರ್ಕ್ಲಿಗೆ ಕರೆಸಿ ಓದಿಸಲು ಗುರು ಗೋವಿಂದ ಸಿಂಗ್ ಹೆಸರಿನ ವಿದ್ಯಾರ್ಥಿವೇತನ ಇಟ್ಟ. ಸಿಖ್ಖರೇ ಆಗಬೇಕೆಂಬ ಕಟ್ಟಿಲ್ಲ. ಹಾಗೆ ಬಂದವರಲ್ಲಿ ಗೋಬಿಂದ ಬಿಹಾರಿ ಲಾಲ್ ಒಬ್ಬರು, ಮುಂದೆ ವಿಜ್ಞಾನ ವರದಿಗಾರರಾಗಿ 1937ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಇನ್ನೊಬ್ಬರು ವಾಮನ ರಾಮಚಂದ್ರ ಕೊಕಟನೂರ. ಆ ಹೆಸರು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ! ಕೊಕಟನೂರು ಎಂದರೆ ಅಥಣಿ ತಾಲೂಕಿನ ಯಲ್ಲಮ್ಮನ ಜಾತ್ರೆಯ ಊರು, ನಮ್ಮ ಪಕ್ಕದ ತಾಲೂಕು. ಈ ಕೊಕಟನೂರರು ಮುಂದೆ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಅಮೆರಿಕದಲ್ಲೇ ಹೆಸರಾಂತ ರಸಾಯನಶಾಸ್ತ್ರಜ್ಞರಾದರು. ಬಟಾಟೆ ಬೆಳೆದವನ ದುಡ್ಡು ಕೃಷ್ಣಾ ತೀರದ ಹೆಸರಿನ ಹುಡುಗನೊಬ್ಬನ ಓದಿಗೆ ಹೋಯಿತು ಎಂದರೆ ಎಂಥ ಸಂಬಂಧ ನೋಡಿ. ಆ ವಿದ್ಯಾರ್ಥಿವೇತನ ಬಹಳ ಕಾಲ ನಡೆಯಲಿಲ್ಲ. 1914ರಲ್ಲಿ ಜ್ವಾಲಾ ಸಿಂಗ್ ಗದರ್ ಹೋರಾಟಕ್ಕೆಂದು ಎಲ್ಲ ಬಿಟ್ಟು ಭಾರತಕ್ಕೆ ಹೊರಟ, ಬಂದವನು ಸೆರೆಮನೆ ಸೇರಿದ.

ಗದರ್ ಪಕ್ಷ ಹುಟ್ಟಿದ್ದೂ ಇದೇ ಹೊಲಗಳಲ್ಲಿ, ಇದೇ ಬೆರಕೆಯಲ್ಲಿ. 1913ರ ನವೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದರ ಪತ್ರಿಕೆ ಹೊರಟಿತು. ಓದಲೆಂದು ಹೋಗಿ ಹಣ್ಣು ಕೀಳುತ್ತಿದ್ದ ಕರ್ತಾರ್ ಸಿಂಗ್ ಸರಾಭಾ, ಪುಣೆ ಜಿಲ್ಲೆಯ ತಳೇಗಾವದಿಂದ ಇಂಜಿನಿಯರಿಂಗ್ ಕಲಿಯಲು ಹೋಗಿದ್ದ ವಿಷ್ಣು ಗಣೇಶ ಪಿಂಗಳೆ, ಇಬ್ಬರೂ 1915ರ ನವೆಂಬರ್ 16ರಂದು ಲಾಹೋರಿನಲ್ಲಿ ಗಲ್ಲಿಗೇರಿದರು. ಸರಾಭಾಗೆ ಹತ್ತೊಂಬತ್ತು ವರ್ಷ. ವರ್ಧಾದ ಪಾಂಡುರಂಗ ಖಾನಖೋಜೆ ಒರೆಗಾನ್‌ನಲ್ಲಿ ಕೂಲಿ ಮಾಡುತ್ತ ಕೃಷಿ ಓದಿದರು, ಗದರ್ ಸೇರಿದರು, ದೇಶಕ್ಕೆ ಮರಳಲಾಗದೆ ಮೆಕ್ಸಿಕೋದಲ್ಲಿ ಗೋವಿನಜೋಳದ ವಿಜ್ಞಾನಿಯಾದರು. ನಮ್ಮ ಧಾರವಾಡದ ನಾ.ಸು. ಹರ್ಡೀಕರರು 1913ರಲ್ಲಿ ಹೋಗಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತರು, ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದರು. ಮರಳಿ ಬಂದು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು.

ಇಲ್ಲಿ ಹೇಳುತ್ತಿರುವವರೆಲ್ಲ ಗಂಡಸರೇ ಎಂದು ನಮ್ಮ ಶಾಲೆಯ ಹೆಣ್ಣುಮಕ್ಕಳು ಕೇಳಬಹುದು. ಕೇಳಲೇಬೇಕು. 1883ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ 1886ರಲ್ಲಿ ಡಾಕ್ಟರಾದ ಆನಂದಿಬಾಯಿ ಜೋಶಿಯವರಿಗೆ ಅಲ್ಲಿ ತಾಯಿಯಂತೆ ನೋಡಿಕೊಂಡ ಅಮೆರಿಕನ್ ಮಹಿಳೆಯೊಬ್ಬರ ಮನೆ ಇತ್ತು. ಟೋಳಿಯ ಕೂಲಿಯಂತೂ ಹೆಣ್ಣುಮಕ್ಕಳಿಗೆ ತೆರೆದ ದಾರಿಯಾಗಿರಲಿಲ್ಲ.

ಜಯಪ್ರಕಾಶ ನಾರಾಯಣರ ಹೆಸರು ಎಲ್ಲರಿಗೂ ಗೊತ್ತು, ತುರ್ತು ಪರಿಸ್ಥಿತಿಯ ಪಾಠದಲ್ಲಿ ಬರುತ್ತದೆ. ಅವರು ದ್ರಾಕ್ಷಿ ಒಣಗಿಸುವ ಕೂಲಿ ಮಾಡಿದ್ದು ಪಾಠದಲ್ಲಿ ಬರುವುದಿಲ್ಲ. ಗಾಂಧೀಜಿ ಕರೆಗೆ ಸರಕಾರಿ ಕಾಲೇಜು ಬಿಟ್ಟ ಬಿಹಾರದ ಆ ಹುಡುಗ 1922ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದ. ಬರ್ಕ್ಲಿಯಲ್ಲಿ ಸೇರಲು ಜನವರಿಯವರೆಗೆ ಕಾಯಬೇಕು, ಅಲ್ಲಿಯವರೆಗೆ ಊಟ ಬೇಕು, ಮುಂದಿನ ಫೀಸು ಬೇಕು. ಮೇರಿಸ್‌ವಿಲ್ ಎಂಬ ಊರಿನ ಕಡೆ ಶೇರ್ ಖಾನ್ ಎಂಬ ಪಠಾಣ ಮುಂದಾಳುವಿನ ಟೋಳಿಯಲ್ಲಿ ಸೇರಿಕೊಂಡು ದ್ರಾಕ್ಷಿ ತೋಟದಲ್ಲಿ ದುಡಿದರು. ಜತ್ತ, ತಾಸಗಾಂವದವರಿಗೆ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಬೇದಾಣೆಯನ್ನು ಶೆಡ್ಡಿನ ನೆರಳಿನಲ್ಲಿ ಜಾಳಿಗೆಯ ಮೇಲೆ ಒಣಗಿಸುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಸಾಲುಗಳ ನಡುವೆ ನೆಲದ ಮೇಲೆ ತಟ್ಟೆ ಹಾಸಿ ಬಿಸಿಲಿಗೇ ಒಣಗಿಸುವುದು ರೂಢಿ. ಬಗ್ಗಿ ಹರಡಬೇಕು, ಬಗ್ಗಿ ಹೊರಳಿಸಬೇಕು, ಬಗ್ಗಿ ಎತ್ತಬೇಕು. ಬೇದಾಣಾ ಶೆಡ್ಡಿಗೆ ಕೂಲಿಗೆ ಹೋಗುವ ನಮ್ಮ ತಾಯಂದಿರಿಗೆ ಆ ಸೊಂಟದ ನೋವು ಗೊತ್ತು.

ಬರ್ಕ್ಲಿಯಲ್ಲಿ ಫೀಸು ಏರಿತು, ಕೊಡಲಾಗಲಿಲ್ಲ. ಫೀಸು ಕಡಿಮೆ ಇದ್ದ ಅಯೋವಾಕ್ಕೆ ಹೋದರು. ಆಮೇಲೆ ವಿಸ್ಕಾನ್ಸಿನ್, ಆಮೇಲೆ ಓಹಾಯೊ. ಏಳು ವರ್ಷ. ಅಷ್ಟರಲ್ಲಿ ಹೋಟೆಲಿನಲ್ಲಿ ತಾಟು ತೊಳೆದರು, ಹಣ್ಣಿನ ಕಾರ್ಖಾನೆಯಲ್ಲಿ ನಿಂತರು, ಗ್ಯಾರೇಜಿನಲ್ಲಿ ಕೆಲಸ ಮಾಡಿದರು, ಕಸಾಯಿಖಾನೆಯಲ್ಲೂ ದುಡಿದರು, ಮುಖಕ್ಕೆ ಹಚ್ಚುವ ಲೋಷನ್ ಮಾರಿಕೊಂಡು ತಿರುಗಿದರು. ಕೊನೆಗೆ ಪಾಠ ಹೇಳುವ ಕೆಲಸ ಸಿಕ್ಕಿತು. 1929ರಲ್ಲಿ ಸಮಾಜಶಾಸ್ತ್ರದ ಎಂ.ಎ. ಹಿಡಿದುಕೊಂಡು ಊರಿಗೆ ಬಂದರು. ಪತ್ನಿ ಪ್ರಭಾವತಿಯವರು ಆ ವರ್ಷಗಳಲ್ಲಿ ಸಾಬರಮತಿ ಆಶ್ರಮದಲ್ಲಿದ್ದರು. ಅವರು ಕಾರ್ಮಿಕರ ಮಾತು ಆಡಿದಾಗ ಜನ ನಂಬಿದ್ದಕ್ಕೆ ಆ ಏಳು ವರ್ಷವೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

ದಲೀಪ್ ಸಿಂಗ್ ಸೌಂದ್ 1920ರಲ್ಲಿ ಬಂದವರು. ಸ್ಟಾಕ್ಟನ್ನಿನ ಗುರುದ್ವಾರದವರು ಬರ್ಕ್ಲಿಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಮನೆ ಇಟ್ಟಿದ್ದರು, ಬಾಡಿಗೆ ಇಲ್ಲ. ಸೌಂದ್ ಅಲ್ಲಿ ಇದ್ದು, ಬೇಸಿಗೆಯಲ್ಲಿ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದು, 1924ರಲ್ಲಿ ಗಣಿತದಲ್ಲಿ ಪಿಎಚ್.ಡಿ. ಪಡೆದರು. ಗಣಿತದ ಡಾಕ್ಟರಿಗೆ ಕೆಲಸ ಕೊಡುವವರಿರಲಿಲ್ಲ. ಹಿಂದಿನ ವರ್ಷವೇ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಾರತೀಯರಿಗೆ ಪೌರತ್ವವಿಲ್ಲ ಎಂದು ತೀರ್ಪು ಕೊಟ್ಟಿತ್ತು. ಈ ಥಿಂದ್ ಕೂಡ ಮರದ ಮಿಲ್ಲಿನಲ್ಲಿ ದುಡಿದು ಓದಲು ಬಂದವರೇ. ಸೌಂದ್ ಮತ್ತೆ ಹೊಲಕ್ಕೇ ಹೋದರು, ಬೇಸಾಯ ಮಾಡಿದರು. 1946ರಲ್ಲಿ ಕಾನೂನು ಬದಲಾದ ಮೇಲೆ ಪೌರರಾಗಿ, 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಬಂದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು.

ಇವರೆಲ್ಲರಿಗಿಂತ ನನಗೆ ಹತ್ತಿರ ಅನಿಸುವವರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮವರಂನವರು, 1895ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕಾಶಿಗೆ ಓಡಿಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆ ಎಂದು ಹೊರಟಿದ್ದರಂತೆ, ತಾಯಿ ಹಿಡಿದು ತಂದು ಶಾಲೆಗೆ ಹಾಕಿದರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ಉಟ್ಟದ್ದಕ್ಕೆ ಪ್ರೊಫೆಸರರ ಸಿಟ್ಟಿಗೆ ಗುರಿಯಾಗಿ ಎಂ.ಬಿ.ಬಿ.ಎಸ್. ಬದಲು ಕೆಳಗಿನ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. 1920ರ ದಶಕದ ಆರಂಭದಲ್ಲಿ ಮಾವನ ಮತ್ತು ಧರ್ಮಸಂಸ್ಥೆಯ ಸಹಾಯದಿಂದ ಹಾರ್ವರ್ಡಿಗೆ ಹೋದರು. ಆ ಎಲ್.ಎಂ.ಎಸ್. ಇಟ್ಟುಕೊಂಡು ಅಲ್ಲಿ ಡಾಕ್ಟರ ಕೆಲಸ ಸಿಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ಸೇರಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಸ್ವತಃ ಡಾಕ್ಟರು! ರಾತ್ರಿ ಆ ಕೆಲಸ, ಹಗಲು ಪ್ರಯೋಗಶಾಲೆ. 1925ರಲ್ಲಿ ಫಿಸ್ಕ್ ಎಂಬ ಪ್ರೊಫೆಸರರ ಜೊತೆ ರಕ್ತ, ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನ ಪ್ರಕಟಿಸಿದರು, ಇಂದಿಗೂ ಅದಕ್ಕೆ ಇಬ್ಬರ ಹೆಸರೂ ಇದೆ. ಜೀವಕೋಶಕ್ಕೆ ಶಕ್ತಿ ಎಲ್ಲಿಂದ ಎಂದು ಕೇಳಿದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳು 'ಎಟಿಪಿ' ಎನ್ನುತ್ತಾರಲ್ಲ, 1929ರಲ್ಲಿ ಅದನ್ನು ಗುರುತಿಸಿದವರಲ್ಲಿ ಇವರೂ ಒಬ್ಬರು. ಮುಂದೆ ಅವರ ನೇತೃತ್ವದ ತಂಡದಿಂದ ಬಂದ ಔಷಧಿಗಳಲ್ಲಿ ಆನೆಕಾಲು ರೋಗದ ಡಿಇಸಿ ಒಂದು. ಕಲಬುರಗಿ, ಬೀದರ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ, ಶಾಲೆಗೆ ಬಂದು ಎದುರಿಗೇ ನುಂಗಿಸಿ ಹೋಗುವ ಗುಳಿಗೆ ಅದೇ. ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲಿಲ್ಲ, 1948ರಲ್ಲಿ ಅಲ್ಲೇ ತೀರಿಕೊಂಡರು. ಬಿಟ್ಟುಹೋದ ಹೆಂಡತಿ ಇಲ್ಲೇ ಕಾದರು. ಈ ಕಥೆಯಲ್ಲಿ ಬರೀ ಗೆಲುವು ಇಲ್ಲ ಎಂದು ನೆನಪಿಸಲು ಇದನ್ನೂ ಬರೆಯುತ್ತಿದ್ದೇನೆ.

ಎಲ್ಲರೂ ಹೀಗೆಯೇ ಓದಿದರು ಎಂದಲ್ಲ. ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬಡೋದೆ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಅದು ಮುಗಿದಾಗ 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾಗಿ ದುಡಿದು ಉಳಿಸಿ, ಶಾಹೂ ಮಹಾರಾಜರ ನೆರವು, ಗೆಳೆಯನ ಸಾಲ ಸೇರಿಸಿ 1920ರಲ್ಲಿ ಮತ್ತೆ ಹೋದರು. ಮೊದಲು ಗಳಿಸಿ ಆಮೇಲೆ ಕಲಿಯುವುದು, ಅದೂ ಒಂದು ದಾರಿ.

ಕೆಲಸ ಮಾಡುತ್ತ ಓದುವ ಬಾಗಿಲು ಯಾವಾಗಲೂ ಒಂದೇ ಅಳತೆ ತೆರೆದಿರಲಿಲ್ಲ. 1917ರ ಕಾನೂನು ಭಾರತದಿಂದ ಕೂಲಿಗಾರರು ಬರುವುದನ್ನು ನಿಲ್ಲಿಸಿತು, ವಿದ್ಯಾರ್ಥಿಗಳನ್ನು ಬಿಟ್ಟಿತು. ಅಂದಮೇಲೆ ವಿದ್ಯಾರ್ಥಿ ಬೇರೆ, ಕೂಲಿ ಬೇರೆ ಎಂದು ಗೆರೆ ಎಳೆದ ಹಾಗಾಯಿತು. ಇಬ್ಬರೂ ಒಂದೇ ಮೈಯಲ್ಲಿ ಇದ್ದವನ ಪಾಡು ಏನು? 1924ರ ಕಾನೂನು ಆ ಗೆರೆಯನ್ನು ಗಟ್ಟಿ ಮಾಡಿತು. ಆಮೇಲೆ ಮಹಾ ಆರ್ಥಿಕ ಕುಸಿತ ಬಂತು, ಅಮೆರಿಕದಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರು ಕೆಲಸವಿಲ್ಲದೆ ಕುಳಿತರು. 1932ರಲ್ಲಿ ಕಾರ್ಮಿಕ ಕಾರ್ಯದರ್ಶಿಯಾಗಿದ್ದ ವಿಲಿಯಂ ಡೋಕ್ ವಿದೇಶಿ ವಿದ್ಯಾರ್ಥಿಗಳು ದುಡಿದು ಓದುವುದಕ್ಕೆ ಕಡಿವಾಣ ಹಾಕಿದರು. ಜೆ.ಪಿ. ಅಷ್ಟರಲ್ಲಿ ಊರಿಗೆ ಬಂದಾಗಿತ್ತು, ಮೂರು ವರ್ಷ ತಡವಾಗಿ ಹೋಗಿದ್ದರೆ ಅವರ ಓದು ಮುಗಿಯುತ್ತಿತ್ತೋ ಇಲ್ಲವೋ. ದೇಶದಲ್ಲಿ ಕೈ ಕಡಿಮೆ ಬಿದ್ದಾಗ ವಿದ್ಯಾರ್ಥಿಯ ಕೈ ಬೇಕು, ಕೆಲಸ ಕಡಿಮೆ ಬಿದ್ದಾಗ ಅವನು ಬರೀ ಪುಸ್ತಕ ಹಿಡಿದಿರಬೇಕು. ಇದು ಅಮೆರಿಕದ್ದಷ್ಟೇ ಚಾಳಿಯಲ್ಲ.

ಈಗಿನ ಎಫ್-1 ವೀಸಾ 1952ರ ಕಾನೂನಿನಿಂದ ಬಂದದ್ದು. ಪಾಠ ನಡೆಯುವ ದಿನಗಳಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ತಾಸು ಕೆಲಸ ಮಾಡಬಹುದು. ಹೊರಗೆ ದುಡಿಯಲು ಅನುಮತಿ ಬೇಕು, ಮೊದಲ ವರ್ಷ ಅದು ಸಾಮಾನ್ಯವಾಗಿ ಸಿಗದು. ವೀಸಾಕ್ಕೆ ಹೋದಾಗ ಮೊದಲ ವರ್ಷದ ಪೂರ್ತಿ ಖರ್ಚು ತೋರಿಸಬೇಕು, ಅಲ್ಲಿ ದುಡಿದು ಕಟ್ಟುತ್ತೇನೆ ಎನ್ನುವಂತಿಲ್ಲ. ಏಂಜೆಲ್ ದ್ವೀಪದ ಪ್ರಶ್ನೆಯೇ ಬೇರೆ ಅಂಗಿ ತೊಟ್ಟು ಬಂದಿದೆ ನೋಡಿ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಎರಡು ವಾರಕ್ಕೆ 48 ತಾಸು, ಕೆನಡಾದಲ್ಲಿ 2024ರ ನವೆಂಬರಿನಿಂದ ಆವರಣದ ಹೊರಗೆ ವಾರಕ್ಕೆ 24 ತಾಸು. ಕೆಲಸದ ಸ್ವರೂಪ ಹೆಚ್ಚು ಬದಲಾಗಿಲ್ಲ. ಮೆಸ್ಸು, ಲೈಬ್ರರಿ, ಜಿಮ್ಮಿನ ಬಾಗಿಲು, ಪ್ರೊಫೆಸರರ ಕೈಕೆಳಗಿನ ಸಹಾಯಕ. ಕೊನೆಯದು ಸಿಕ್ಕರೆ ಫೀಸೂ ಕಡಿಮೆಯಾಗುವುದುಂಟು, ಅದಕ್ಕೆ ಪೈಪೋಟಿ ಬಹಳ.

ನಮ್ಮ ಹುಡುಗನ ರೂಮಿನ ಗೆಳೆಯನೊಬ್ಬ ಹೊರಗಿನ ಪೆಟ್ರೋಲ್ ಪಂಪಿನಲ್ಲಿ ರಾತ್ರಿ ಕೆಲಸ ಮಾಡುತ್ತಾನಂತೆ, ಕೈಗೆ ನಗದು, ಲೆಕ್ಕವಿಲ್ಲ ಪತ್ರವಿಲ್ಲ. ಅಂಥದ್ದಕ್ಕೆ ಹೋಗಬೇಡ ಎಂದು ಮಾತ್ರ ನಾನು ಬಿಗಿಯಾಗಿ ಬರೆದೆ. ಮಾಲೀಕ ಕೂಲಿ ಕೊಡದೆ ಕಳಿಸಿದರೂ ದೂರು ಕೊಡುವ ಧೈರ್ಯ ಬಾರದು, ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಇಲ್ಲಿ ಹೊಲ ಹೋಗುತ್ತದೆ. ಮೆಸ್ಸಿನ ತಾಟಿಗೆ ಚೀಟಿ ಇದೆ, ಹಾಜರಿ ಇದೆ, ಬ್ಯಾಂಕಿಗೆ ಸಂಬಳ ಬರುತ್ತದೆ. ಮುಚ್ಚಿಡುವಂಥದ್ದು ಯಾವುದು, ಅಲ್ಲದ್ದು ಯಾವುದು ಎಂದು ನೀನೇ ನೋಡು ಎಂದೆ.

ಹದಿನೈದು ದಿನ ಉತ್ತರ ಇಲ್ಲ. ಆಮೇಲೆ ಒಂದು ಸಾಲು ಬಂತು: "ಸರ, ನೀವ ಹೇಳ್ರಿ ಅಪ್ಪಗ. ನನಗ ಆಗೂದಿಲ್ಲ."

ಸಂತೆಯ ದಿನ ಚಹಾದ ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿದೆ. ಜೆ.ಪಿ., ಸುಬ್ಬರಾವ್ ಎಲ್ಲ ತಲೆಯಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಬಸಿ ಹಿಡಿದು ಸುಮ್ಮನೆ ಕುಳಿತ. "ಭಾಂಡೆ ತಿಕ್ಕತಾನ?" ಎಂದ. ಹೂಂ ಎಂದೆ. "ತಾಸಿಗೆ ಎಷ್ಟಂತ?" ಹನ್ನೆರಡು ಡಾಲರ್, ನಮ್ಮದು ಸಾವಿರ ರೂಪಾಯಿ ಲೆಕ್ಕ ಎಂದೆ. 2024ರಲ್ಲಿ ಕಬ್ಬು ಕಡಿಯುವ ದರ ಟನ್ನಿಗೆ 366 ರೂಪಾಯಿ ಆಯಿತಲ್ಲ, ಅವನು ಬೆರಳಿನ ಗೆಣ್ಣಿನ ಮೇಲೆ ಅದನ್ನೇ ಎಣಿಸಿದ. "ಎರಡೂವರಿ ಟನ್ನಿನ ಮ್ಯಾಲ ಆತು. ನಾವಿಬ್ಬರೂ ಕೂಡಿ ದಿನಾ ಪೂರ್ತಿ ಕಡಿದ್ರ ಅಷ್ಟ ಆಗತಿತ್ತು."

ಮತ್ತೆ ಸುಮ್ಮನಾದ. ಚಹಾ ಮುಗಿಸಿ ಏಳುವಾಗ ಕೇಳಿದ: "ಕುಂತು ತೊಳಿತಾನೋ, ನಿಂತು ತೊಳಿತಾನೋ?"

ನಿಂತೇ ಇರಬೇಕು ಎಂದೆ.

"ಹಂಗಾದ್ರ ಬೂಟು ಛಲೋವು ತಗೊ ಅನ್ರಿ. ನೀರಾಗ ನಿಂತ್ರ ಕಾಲು ಒಡಿತಾವ."